ದೇಹದ ಹಾಸುಹೊಕ್ಕು: ಸಂಯೋಜಕ ಅಂಗಾಂಶವೂ ಅದರ ಜೀವಕೋಶಗಳೂ

ನಮ್ಮ ಕಡೆಯ ಮನೆಗಳಲ್ಲಿ ಯಾರಾದರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೊಲಿಗೆಯೊಡನೆ ಮರಳಿದರೆ, ಅಥವಾ ಮಗಳು ಹೆರಿಗೆಯಾಗಿ ತವರಿಗೆ ಬಂದರೆ, ಹಿರಿಯರ ಬಾಯಿಂದ ಮೊದಲು ಬರುವ ಮಾತು ಸಾಮಾನ್ಯವಾಗಿ ಒಂದೇ: "ಹುಳಿ ಕೊಡಬೇಡಿ, ನಂಜಾಗುತ್ತದೆ. ಕಾಳು ಕೊಡಬೇಡಿ, ಗಾಯ ಕೀವು ಕಟ್ಟುತ್ತದೆ." ಅಂದಿನಿಂದ ನಿಂಬೆ, ಕಿತ್ತಳೆ, ಚಕ್ಕೋತ, ನೆಲ್ಲಿಕಾಯಿ, ಅವರೆಕಾಳು, ತೊಗರಿಬೇಳೆಗಳೆಲ್ಲ ರೋಗಿಯ ತಟ್ಟೆಯಿಂದ ದೂರವಾಗುತ್ತವೆ. ಅನ್ನ, ಮೆಣಸಿನ ಸಾರು, ಬ್ರೆಡ್ಡು, ಕಾಯಿಸಿದ ಹಾಲು ಮಾತ್ರ ಉಳಿಯುತ್ತವೆ. ಕೆಲವೊಮ್ಮೆ ಈ ಪಥ್ಯ ತಿಂಗಳುಗಟ್ಟಲೆ ನಡೆಯುತ್ತದೆ.

ಇದರ ಹಿಂದಿರುವುದು ಅಕ್ಕರೆ. ಅದರಲ್ಲಿ ಸಂಶಯವಿಲ್ಲ. ಆದರೆ ಈ ಪಥ್ಯದಿಂದ ಗಾಯಕ್ಕೆ ಉಪಕಾರವಾಗುತ್ತದೆಯೇ, ಅಪಕಾರವಾಗುತ್ತದೆಯೇ? ಇದಕ್ಕೆ ಉತ್ತರ ಬೇಕಾದರೆ ಗಾಯವನ್ನು ಮಾಯಿಸುವವರು ಯಾರು, ಅವರಿಗೆ ಬೇಕಾದ ಸಾಮಗ್ರಿ ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಆ ಕೆಲಸ ಬಹುಮಟ್ಟಿಗೆ ನಡೆಯುವುದು ದೇಹದ ಸಂಯೋಜಕ ಅಂಗಾಂಶದಲ್ಲಿ. ಈ ತಿಂಗಳ ಪಾಠದಲ್ಲಿ ಅದರ ರಚನೆಯನ್ನೂ ಅದರೊಳಗಿನ ಜೀವಕೋಶಗಳನ್ನೂ ಪರಿಚಯ ಮಾಡಿಕೊಂಡು, ಕೊನೆಗೆ ಪಥ್ಯದ ಪ್ರಶ್ನೆಗೆ ಮರಳೋಣ.

ನಾಲ್ಕು ಬಗೆಯ ಅಂಗಾಂಶಗಳು

ಒಂದೇ ಮೂಲದಿಂದ ಬಂದು, ಒಂದೇ ಬಗೆಯ ಕಾರ್ಯಕ್ಕಾಗಿ ಕೂಡಿಕೊಂಡಿರುವ ಜೀವಕೋಶಗಳ ಸಮೂಹವನ್ನು ಅಂಗಾಂಶ ಎನ್ನುತ್ತಾರೆ. ಮಾನವ ದೇಹದಲ್ಲಿ ಇಂತಹ ಮೂಲ ಅಂಗಾಂಶಗಳು ನಾಲ್ಕು. ಚರ್ಮದ ಮೇಲ್ಪದರ, ಕರುಳಿನ ಒಳಪದರ ಮೊದಲಾದ ಹೊದಿಕೆಗಳಾಗಿರುವುದು ಅನುಲೇಪಕ ಅಂಗಾಂಶ. ಕುಗ್ಗಿ ಹಿಗ್ಗಿ ಚಲನೆ ಉಂಟುಮಾಡುವುದು ಸ್ನಾಯು ಅಂಗಾಂಶ. ಸಂದೇಶಗಳನ್ನು ಸಾಗಿಸುವುದು ನರ ಅಂಗಾಂಶ. ಈ ಮೂರಕ್ಕೂ ಆಸರೆಯಾಗಿ, ಒಂದನ್ನು ಇನ್ನೊಂದಕ್ಕೆ ಕೂಡಿಸಿ, ಪೋಷಣೆಯನ್ನು ಒದಗಿಸುವುದು ಸಂಯೋಜಕ ಅಂಗಾಂಶ. ಭ್ರೂಣದ ಮೂರು ಪದರಗಳ ಪೈಕಿ ಮಧ್ಯದ ಪದರದಿಂದ ಇದರ ಬಹುಭಾಗ ಹುಟ್ಟುತ್ತದೆ.

ಉಳಿದ ಮೂರಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅನುಲೇಪಕ ಅಂಗಾಂಶದಲ್ಲಿ ಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒತ್ತೊತ್ತಾಗಿರುತ್ತವೆ. ಸಂಯೋಜಕ ಅಂಗಾಂಶದಲ್ಲಿ ಕೋಶಗಳು ವಿರಳ, ಅವುಗಳ ನಡುವಿನ ಅವಕಾಶವೇ ಹೆಚ್ಚು. ಆ ಅವಕಾಶ ಬರಿದಾಗಿಲ್ಲ. ಕೋಶಗಳೇ ತಯಾರಿಸಿ ಹೊರಗೆ ಹರಡಿದ ಎಳೆಗಳು ಮತ್ತು ಅಂಟಿನಂತಹ ದ್ರವ್ಯ ಅಲ್ಲಿ ತುಂಬಿಕೊಂಡಿವೆ. ಇವೆರಡನ್ನೂ ಕೂಡಿಸಿ ಮಾತೃಕೆ ಎನ್ನುತ್ತಾರೆ. ಮೂಳೆ ಗಟ್ಟಿಯಾಗಿರುವುದಕ್ಕೂ, ಕಿವಿಯ ಹಾಲೆ ಬಾಗುವುದಕ್ಕೂ, ರಕ್ತ ಹರಿಯುವುದಕ್ಕೂ ಮುಖ್ಯ ಕಾರಣ ಆಯಾ ಮಾತೃಕೆಯ ಗುಣ.

ರೇಷ್ಮೆ ಗೂಡಿನ ಹೋಲಿಕೆ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಮುತ್ತಲಿನ ಓದುಗರಿಗೆ ರೇಷ್ಮೆ ಗೂಡು ಹೊಸದಲ್ಲ. ಗೂಡಿನಲ್ಲಿ ಎರಡು ವಸ್ತುಗಳಿವೆ. ಒಂದು, ಫೈಬ್ರೋಯಿನ್ ಎಂಬ ಪ್ರೋಟೀನಿನ ಎಳೆ. ಇನ್ನೊಂದು, ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಸೆರಿಸಿನ್ ಎಂಬ ಅಂಟು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಅಂಟು ಸಡಿಲವಾಗಿ ನೂಲು ಬಿಚ್ಚಿಕೊಳ್ಳುತ್ತದೆ. ಈ ಎಳೆಯನ್ನೂ ಅಂಟನ್ನೂ ತನ್ನ ಒಡಲಿನಿಂದ ಹೊರಗೆ ಸುರಿಸಿದ್ದು ಒಳಗಿರುವ ಹುಳು.

ಸಂಯೋಜಕ ಅಂಗಾಂಶದ ರಚನೆಯೂ ಹೀಗೆಯೇ ಇದೆ. ಎಳೆ, ಅಂಟು, ಇವೆರಡನ್ನೂ ತಯಾರಿಸುವ ಜೀವಕೋಶ: ಇವೇ ಅದರ ಮೂರು ಅಂಗಗಳು. ಒಂದೇ ಭೇದವೆಂದರೆ, ರೇಷ್ಮೆ ಹುಳು ಒಮ್ಮೆ ಗೂಡು ಕಟ್ಟಿದರೆ ಅದರ ಕಾರ್ಯ ಮುಗಿಯಿತು. ನಮ್ಮ ದೇಹದ ಕೋಶ ತಾನು ಕಟ್ಟಿದ ಗೂಡಿನೊಳಗೇ ಇದ್ದು, ಹಳೆಯ ಎಳೆಯನ್ನು ಕರಗಿಸಿ ಹೊಸ ಎಳೆಯನ್ನು ಹಾಕುತ್ತ ಜೀವನಪೂರ್ತಿ ದುರಸ್ತಿ ನಡೆಸುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಪಥ್ಯದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಮೂರು ಬಗೆಯ ಎಳೆಗಳು

ಎಳೆಗಳಲ್ಲಿ ಮುಖ್ಯವಾದದ್ದು ಕೊಲ್ಲಾಜೆನ್. ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಇದೇ ಇದೆ. ಇದುವರೆಗೆ ಇದರ 28 ಬಗೆಗಳನ್ನು ಗುರುತಿಸಲಾಗಿದೆ. ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿರುವುದು ಮೊದಲನೆಯ ಬಗೆ. ದೇಹದ ಕೊಲ್ಲಾಜೆನ್ನಿನ ಬಹುಪಾಲು ಇದೇ ಆಗಿದೆ. ಮೃದ್ವಸ್ಥಿಯಲ್ಲಿರುವುದು ಎರಡನೆಯ ಬಗೆ.

ಕೊಲ್ಲಾಜೆನ್ ಎಳೆ ಇಷ್ಟು ಗಟ್ಟಿ ಏಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಪ್ರಮುಖರು ನಮ್ಮ ದೇಶದವರೇ ಆದ ಜಿ.ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಅವರು, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ತೆರಳಿದರು. ಅಲ್ಲಿ ಗೋಪಿನಾಥ್ ಕರ್ತಾ ಅವರೊಡನೆ ಕ್ಷ-ಕಿರಣಗಳ ನೆರವಿನಿಂದ ಅಧ್ಯಯನ ನಡೆಸಿ, ಕೊಲ್ಲಾಜೆನ್ ಒಂದು ಎಳೆಯಲ್ಲ, ಮೂರು ಎಳೆಗಳ ಹುರಿ ಎಂಬುದನ್ನು 1954ರಲ್ಲಿ ಪ್ರಕಟಿಸಿದರು. ಮರುವರ್ಷ ಆ ಮಾದರಿಯನ್ನು ಇನ್ನಷ್ಟು ತಿದ್ದಿದರು. ಮುಂದೆ ಅವರು ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿಯೇ ಅಣುಜೀವ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು.

ಹಗ್ಗ ಹೊಸೆಯುವುದನ್ನು ಕಂಡವರಿಗೆ ಈ ರಚನೆ ಸುಲಭವಾಗಿ ಅರ್ಥವಾಗುತ್ತದೆ. ಒಂಟಿ ಎಳೆ ಬೇಗ ಹರಿಯುತ್ತದೆ. ಮೂರೆಳೆಯ ಹುರಿ ಭಾರ ತಡೆಯುತ್ತದೆ. ಕೊಲ್ಲಾಜೆನ್ನಿನ ಪ್ರತಿಯೊಂದು ಎಳೆಯಲ್ಲಿ ಸುಮಾರು ಸಾವಿರ ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿವೆ. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ, ಎಲ್ಲಕ್ಕಿಂತ ಚಿಕ್ಕದಾದ ಅಮೈನೋ ಆಮ್ಲ ಕುಳಿತಿರುತ್ತದೆ. ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಅದಕ್ಕೆ ಮಾತ್ರ ಜಾಗ ಸಾಲುತ್ತದೆ. ಇಂತಹ ಹುರಿಗಳು ಅಕ್ಕಪಕ್ಕ ಜೋಡಿಕೊಂಡು ನವಿರೆಳೆಯಾಗಿ, ನವಿರೆಳೆಗಳು ಸೇರಿ ಕಟ್ಟುಗಳಾಗುತ್ತವೆ.

ಎರಡನೆಯದು ಇಲಾಸ್ಟಿನ್ ಎಂಬ ಸ್ಥಿತಿಸ್ಥಾಪಕ ಎಳೆ. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನ ಸ್ಥಿತಿಗೆ ಮರಳುವುದು ಇದರ ಗುಣ. ಉಸಿರಾಡಿದಂತೆ ಹಿಗ್ಗುವ ಶ್ವಾಸಕೋಶದಲ್ಲಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆಯಲ್ಲಿ, ಚರ್ಮದಲ್ಲಿ ಇದು ಹೇರಳವಾಗಿದೆ. ಇದು ಹೆಚ್ಚಾಗಿ ತಯಾರಾಗುವುದು ಗರ್ಭಾವಸ್ಥೆಯಲ್ಲಿ ಮತ್ತು ಬಾಲ್ಯದಲ್ಲಿ. ಬಿಸಿಲು, ವಯಸ್ಸುಗಳಿಂದ ಇದು ಹಾಳಾದಾಗ ಚರ್ಮ ಜೋಲುತ್ತದೆ.

ಮೂರನೆಯದು ಜಾಲಕ ಎಳೆ. ಇದು ಕೊಲ್ಲಾಜೆನ್ನಿನ ಮೂರನೆಯ ಬಗೆಯಿಂದಾದ ನವಿರಾದ ಬಲೆ. ಗುಲ್ಮ, ದುಗ್ಧಗ್ರಂಥಿ, ಅಸ್ಥಿಮಜ್ಜೆಗಳಲ್ಲಿ ಮೃದುವಾದ ಕೋಶಗಳಿಗೆ ಈ ಬಲೆಯೇ ಆಧಾರ.

ಅಂಟಿನಂತಹ ಮೂಲದ್ರವ್ಯ

ಎಳೆಗಳ ನಡುವೆ ತುಂಬಿಕೊಂಡಿರುವ ದ್ರವ್ಯ ಪಾರದರ್ಶಕವಾಗಿ ಲೋಳೆಯಂತಿರುತ್ತದೆ. ಹೈಅಲುರಾನಿಕ್ ಆಮ್ಲ ಮತ್ತು ಪ್ರೋಟಿಯೋಗ್ಲೈಕಾನ್ ಎಂಬ ಸಕ್ಕರೆ-ಪ್ರೋಟೀನುಗಳ ಸಂಯುಕ್ತಗಳು ಇದರಲ್ಲಿವೆ. ಇವು ನೀರನ್ನು ಬಹಳವಾಗಿ ಹಿಡಿದಿಟ್ಟುಕೊಳ್ಳುತ್ತವೆ. ಮಂಡಿಯ ಮೃದ್ವಸ್ಥಿ ನಮ್ಮ ಭಾರವನ್ನು ಹೊರುವುದು ಈ ನೀರಿನ ಬಲದಿಂದ.

ರಕ್ತದಿಂದ ಹೊರಬಂದ ಆಹಾರ, ಆಮ್ಲಜನಕಗಳು ಜೀವಕೋಶವನ್ನು ತಲುಪುವುದು ಈ ದ್ರವ್ಯದ ಮೂಲಕವೇ. ಅದೇ ಸಮಯದಲ್ಲಿ ಒಳನುಗ್ಗಿದ ರೋಗಾಣುಗಳಿಗೆ ಇದು ಕೆಸರುಗದ್ದೆಯಂತೆ ತಡೆಯೊಡ್ಡುತ್ತದೆ. ಕೆಲವು ರೋಗಾಣುಗಳು ಈ ಲೋಳೆಯನ್ನು ಕರಗಿಸುವ ಕಿಣ್ವವನ್ನೇ ಹೊಂದಿವೆ. ಅಂತಹವು ಹೊಕ್ಕಾಗ ಚಿಕ್ಕ ಗೀರೂ ಒಂದೆರಡು ದಿನದಲ್ಲಿ ಇಡೀ ಕಾಲನ್ನು ಊದಿಸಬಲ್ಲದು.

ಮನೆಯವರು ಮತ್ತು ಬಂದುಹೋಗುವವರು

ಈಗ ಜೀವಕೋಶಗಳ ವಿಚಾರಕ್ಕೆ ಬರೋಣ. ಸಂಯೋಜಕ ಅಂಗಾಂಶದಲ್ಲಿ ಕೆಲವು ಕೋಶಗಳು ಅಲ್ಲಿಯೇ ನೆಲೆಸಿರುತ್ತವೆ. ಕೆಲವು ರಕ್ತದಿಂದ ಅಗತ್ಯವಿದ್ದಾಗ ಬಂದು ಸೇರುತ್ತವೆ.

ನೆಲೆಸಿರುವ ಕೋಶಗಳಲ್ಲಿ ಮೊದಲನೆಯದು ಫೈಬ್ರೋಬ್ಲಾಸ್ಟ್, ಎಂದರೆ ಎಳೆ ತಯಾರಿಸುವ ಕೋಶ. ಕೊಲ್ಲಾಜೆನ್, ಇಲಾಸ್ಟಿನ್, ಮೂಲದ್ರವ್ಯ ಮೂರನ್ನೂ ಸ್ರವಿಸುವುದು ಇದೇ. ಕೆಲಸವಿಲ್ಲದಾಗ ಕದಿರಿನಂತೆ ತೆಳುವಾಗಿ ಎಳೆಗಳ ನಡುವೆ ಸುಮ್ಮನಿರುತ್ತದೆ. ಗಾಯವಾಯಿತೆಂದರೆ ಉಬ್ಬಿಕೊಂಡು, ಸಂಖ್ಯೆಯಲ್ಲಿ ಹೆಚ್ಚಿ, ಗಾಯದೆಡೆಗೆ ಸರಿದು ನೇಯಲು ತೊಡಗುತ್ತದೆ. ಕೆಲವು ಸ್ನಾಯುವಿನಂತೆ ಕುಗ್ಗುವ ಶಕ್ತಿಯನ್ನೂ ಪಡೆದು ಗಾಯದ ಅಂಚುಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ದೊಡ್ಡ ಗಾಯ ದಿನೇ ದಿನೇ ಕಿರಿದಾಗುವುದು ಹೀಗೆ.

ಎರಡನೆಯದು ಕೊಬ್ಬಿನ ಕೋಶ. ಒಂದೇ ದೊಡ್ಡ ಕೊಬ್ಬಿನ ಹನಿ ಒಳಗೆ ತುಂಬಿಕೊಂಡು, ಕೋಶದ ಉಳಿದ ಭಾಗವೆಲ್ಲ ಉಂಗುರದಂತೆ ಅಂಚಿಗೆ ಸರಿದಿರುತ್ತದೆ. ಇದು ಶಕ್ತಿಯ ಕಣಜ. ಚಳಿಯಿಂದ, ಪೆಟ್ಟಿನಿಂದ ರಕ್ಷಣೆಯನ್ನೂ ಕೊಡುತ್ತದೆ. ಹಸಿವು ತಣಿಯಿತೆಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುವುದೂ ಇದೇ.

ಮೂರನೆಯದು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ. ರೋಗಾಣು, ಸತ್ತ ಕೋಶ, ಧೂಳಿನ ಕಣ ಯಾವುದೇ ಆಗಲಿ, ಸುತ್ತುವರಿದು ನುಂಗಿ ಜೀರ್ಣಿಸುತ್ತದೆ. ಅಷ್ಟೇ ಅಲ್ಲ, ಸ್ಥಳ ಶುದ್ಧವಾದ ಮೇಲೆ "ಇನ್ನು ನೇಯಬಹುದು" ಎಂಬ ಸಂದೇಶವನ್ನು ಫೈಬ್ರೋಬ್ಲಾಸ್ಟ್‌ಗೆ ಕಳಿಸುತ್ತದೆ. ನಾಲ್ಕನೆಯದು ಮಾಸ್ಟ್ ಕೋಶ. ಇದರೊಳಗೆ ಹಿಸ್ಟಮಿನ್ ತುಂಬಿದ ಕಣಗಳಿವೆ. ಪೆಟ್ಟಾದಾಗ ಅಥವಾ ಒಗ್ಗದ ವಸ್ತು ತಗುಲಿದಾಗ ಅದು ಬಿಡುಗಡೆಯಾಗಿ, ರಕ್ತನಾಳಗಳು ಹಿಗ್ಗಿ, ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಜೇನು ಕಚ್ಚಿದಾಗಿನ ಬಾವಿನಲ್ಲಿ ಇದರ ಪಾತ್ರ ದೊಡ್ಡದು. ಭಕ್ಷಕ ಕ್ರಿಯೆಯನ್ನು ಕಂಡುಹಿಡಿದ ಮೆಚ್ನಿಕಾಫ್ ಮತ್ತು ಮಾಸ್ಟ್ ಕೋಶಕ್ಕೆ ಹೆಸರಿಟ್ಟ ಪಾಲ್ ಎರ್ಲಿಚ್ ಇಬ್ಬರೂ ರೋಗನಿರೋಧಕ ಶಕ್ತಿಯ ಬಗೆಗಿನ ಸಂಶೋಧನೆಗಾಗಿ 1908ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ರಕ್ತದಿಂದ ಬಂದುಹೋಗುವ ಕೋಶಗಳೆಂದರೆ ಬಿಳಿ ರಕ್ತಕಣಗಳು. ನ್ಯೂಟ್ರೋಫಿಲ್‌ಗಳು ಎಲ್ಲರಿಗಿಂತ ಮುಂಚೆ ಓಡಿಬಂದು ರೋಗಾಣುಗಳೊಡನೆ ಹೋರಾಡಿ ಅಲ್ಲಿಯೇ ಸಾಯುತ್ತವೆ. ಇವುಗಳ ಶವಗಳೂ ರೋಗಾಣುಗಳೂ ಕರಗಿದ ಅಂಗಾಂಶವೂ ಸೇರಿದ ದ್ರವವನ್ನೇ ನಾವು ಕೀವು ಎನ್ನುವುದು. ಲಿಂಫೋಸೈಟ್‌ಗಳು ಶತ್ರುವನ್ನು ಗುರುತಿಟ್ಟುಕೊಳ್ಳುತ್ತವೆ. ಅವುಗಳಿಂದ ಹುಟ್ಟುವ ಪ್ಲಾಸ್ಮಾ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಇಯೋಸಿನೋಫಿಲ್‌ಗಳು ಅಲರ್ಜಿ ಮತ್ತು ಜಂತುಬಾಧೆಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ.

ಒಂದೇ ನೂಲು, ಹಲವು ನೇಯ್ಗೆ

ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಒಂದೇ ಬಗೆಯ ನೂಲಿನಿಂದ ತೆಳುವಾದ ಬಟ್ಟೆಯನ್ನೂ ನೇಯಬಹುದು, ದಟ್ಟವಾದ ಸೀರೆಯನ್ನೂ ನೇಯಬಹುದು. ಹಾಸು ಹೊಕ್ಕುಗಳ ಜೋಡಣೆಯಂತೆ ಬಟ್ಟೆಯ ಗುಣ. ಸಂಯೋಜಕ ಅಂಗಾಂಶದ ಪ್ರಭೇದಗಳೂ ಹೀಗೆಯೇ ಆಗಿವೆ.

ಸಡಿಲ ಅಂಗಾಂಶದಲ್ಲಿ ಎಳೆಗಳು ವಿರಳವಾಗಿ ಎಲ್ಲ ದಿಕ್ಕಿಗೂ ಹರಡಿವೆ. ಮೇಲೆ ಹೇಳಿದ ಕೋಶಗಳೆಲ್ಲವೂ ಇಲ್ಲಿ ಸಿಗುತ್ತವೆ. ಚರ್ಮದ ಅಡಿಯಲ್ಲಿ, ಅಂಗಗಳ ನಡುವೆ, ರಕ್ತನಾಳಗಳ ಸುತ್ತ ಇದಿದೆ. ದಟ್ಟವಾದ ಕ್ರಮಬದ್ಧ ಅಂಗಾಂಶದಲ್ಲಿ ಕೊಲ್ಲಾಜೆನ್ ಕಟ್ಟುಗಳು ಮಗ್ಗದ ಹಾಸಿನಂತೆ ಒಂದೇ ದಿಕ್ಕಿಗೆ ಸಾಗುತ್ತವೆ. ಸ್ನಾಯುವನ್ನು ಮೂಳೆಗೆ ಕೂಡಿಸುವ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಕೂಡಿಸುವ ಅಸ್ಥಿರಜ್ಜು ಇದರಿಂದಾದವು. ಇಲ್ಲಿ ರಕ್ತಸಂಚಾರ ಕಡಿಮೆಯಾದ್ದರಿಂದ ಉಳುಕಿದ ಕಾಲು ವಾಸಿಯಾಗಲು ವಾರಗಳೇ ಹಿಡಿಯುತ್ತವೆ. ದಟ್ಟವಾದ ಕ್ರಮರಹಿತ ಅಂಗಾಂಶದಲ್ಲಿ ಕಟ್ಟುಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿವೆ. ಚರ್ಮದ ಒಳಪದರ ಇದಕ್ಕೆ ಉದಾಹರಣೆ. ಆದ್ದರಿಂದಲೇ ಚರ್ಮವನ್ನು ಯಾವ ಕಡೆಗೆ ಎಳೆದರೂ ಸುಲಭವಾಗಿ ಹರಿಯುವುದಿಲ್ಲ. ಕೊಬ್ಬಿನ ಅಂಗಾಂಶ ಮತ್ತು ಜಾಲಕ ಅಂಗಾಂಶಗಳೂ ಈ ಗುಂಪಿನವೇ.

ಇವಲ್ಲದೆ ವಿಶೇಷ ಪ್ರಭೇದಗಳು ಮೂರು. ಮೃದ್ವಸ್ಥಿಯಲ್ಲಿ ಕೋಶಗಳು ಚಿಕ್ಕ ಗೂಡುಗಳಲ್ಲಿ ಕುಳಿತಿರುತ್ತವೆ. ಅದರೊಳಗೆ ರಕ್ತನಾಳವೇ ಇಲ್ಲ. ಆಹಾರ ಹೊರಗಿನಿಂದ ಜಿನುಗಿಯೇ ಬರಬೇಕು. ಸವೆದ ಮಂಡಿಯ ಮೃದ್ವಸ್ಥಿ ಮತ್ತೆ ಸುಲಭವಾಗಿ ಬೆಳೆಯದಿರುವುದಕ್ಕೆ ಇದೇ ಮುಖ್ಯ ಕಾರಣ. ಮೂಳೆಯಲ್ಲಿ ಕೊಲ್ಲಾಜೆನ್ ಎಳೆಗಳ ಮೇಲೆ ಕ್ಯಾಲ್ಸಿಯಂ, ರಂಜಕಗಳ ಲವಣ ಕೂಡಿಕೊಂಡು ಗಟ್ಟಿಯಾಗಿದೆ. ಅಲ್ಲಿ ಕಟ್ಟುವ ಕೋಶ, ಕಾಯುವ ಕೋಶ, ಕರಗಿಸುವ ಕೋಶ ಎಂಬ ಮೂರು ಬಗೆಗಳಿದ್ದು, ಮೂಳೆಯನ್ನು ನಿರಂತರವಾಗಿ ಹೊಸದಾಗಿಸುತ್ತವೆ. ರಕ್ತವೂ ಸಂಯೋಜಕ ಅಂಗಾಂಶವೇ. ಅದರ ಮಾತೃಕೆ ಪ್ಲಾಸ್ಮಾ ಎಂಬ ದ್ರವ.

ಗಾಯ ಮಾಯುವ ಕ್ರಮ

ಇಷ್ಟು ತಿಳಿದ ಮೇಲೆ ಗಾಯದೊಳಗೆ ನಡೆಯುವ ಕಾರ್ಯವನ್ನು ನೋಡೋಣ. ಪೆಟ್ಟಾದ ಕೆಲವೇ ನಿಮಿಷಗಳಲ್ಲಿ ಕಿರುತಟ್ಟೆಗಳು ಕೂಡಿ ರಕ್ತ ಹೆಪ್ಪುಗಟ್ಟುತ್ತದೆ. ಒಂದು ದಿನದೊಳಗೆ ನ್ಯೂಟ್ರೋಫಿಲ್‌ಗಳು ಬಂದು ಸೇರುತ್ತವೆ. ಎರಡು ಮೂರು ದಿನಗಳಲ್ಲಿ ಭಕ್ಷಕ ಕೋಶಗಳು ಸ್ಥಳವನ್ನು ಶುಚಿಗೊಳಿಸುತ್ತವೆ. ಮೂರರಿಂದ ಐದನೆಯ ದಿನದ ವೇಳೆಗೆ ಫೈಬ್ರೋಬ್ಲಾಸ್ಟ್‌ಗಳು ತಮ್ಮ ಕಾಯಕ ಆರಂಭಿಸುತ್ತವೆ. ಜೊತೆಯಲ್ಲೇ ಹೊಸ ರಕ್ತನಾಳಗಳು ಚಿಗುರುತ್ತವೆ. ಮಾಯುತ್ತಿರುವ ಗಾಯದ ತಳದಲ್ಲಿ ಕಾಣುವ ಕೆಂಪಾದ ಹರಳು ಹರಳಾದ ಮಾಂಸ ಇದೇ. ಮೊದಲು ನವಿರಾದ ಮೂರನೆಯ ಬಗೆಯ ಕೊಲ್ಲಾಜೆನ್ ಬೀಳುತ್ತದೆ. ವಾರಗಳು ಕಳೆದಂತೆ ಅದನ್ನು ತೆಗೆದು ಗಟ್ಟಿಯಾದ ಮೊದಲನೆಯ ಬಗೆಯನ್ನು ಹಾಕಲಾಗುತ್ತದೆ.

ಹೊಲಿಗೆ ಬಿಚ್ಚುವ ಮೊದಲ ವಾರದ ಕೊನೆಯಲ್ಲಿ ಗಾಯದ ಬಲ, ಪೆಟ್ಟಾಗದ ಚರ್ಮದ ಬಲದ ಸುಮಾರು ಶೇಕಡ 10 ಮಾತ್ರ. ಮೂರು ತಿಂಗಳಿಗೆ ಅದು ಶೇಕಡ 70ರಿಂದ 80ರಷ್ಟಾಗುತ್ತದೆ. ಎಂದರೆ ಮೇಲ್ನೋಟಕ್ಕೆ ಗಾಯ ಮುಚ್ಚಿದ ಬಹಳ ದಿನಗಳ ತನಕ ಒಳಗೆ ನೇಯ್ಗೆ ನಡೆಯುತ್ತಲೇ ಇರುತ್ತದೆ. ಪಥ್ಯದ ಹೆಸರಿನಲ್ಲಿ ನಾವು ಆಹಾರವನ್ನು ಕಡಿತ ಮಾಡುವುದು ಸರಿಯಾಗಿ ಇದೇ ಅವಧಿಯಲ್ಲಿ.

ಹುರಿಗೆ ಬೇಕಾದ ಸಿ ಜೀವಸತ್ವ

ನೇಯುವವನಿಗೆ ಎರಡು ವಸ್ತು ಬೇಕು: ನೂಲು ಮತ್ತು ಹುರಿ ಬಿಗಿಯುವ ಸಾಧನ. ನೂಲು ಎಂದರೆ ಪ್ರೋಟೀನು. ಬೇಳೆ, ಕಾಳು, ಹಾಲು, ಮೊಸರುಗಳಿಂದ ಬರುವ ಅಮೈನೋ ಆಮ್ಲಗಳಿಂದಲೇ ಫೈಬ್ರೋಬ್ಲಾಸ್ಟ್ ಕೊಲ್ಲಾಜೆನ್ ಪೋಣಿಸುತ್ತದೆ. ಹುರಿ ಬಿಗಿಯಲು ಬೇಕಾದದ್ದು ಸಿ ಜೀವಸತ್ವ. ಎಳೆಯಲ್ಲಿರುವ ಪ್ರೋಲಿನ್ ಎಂಬ ಅಮೈನೋ ಆಮ್ಲಕ್ಕೆ ಆಮ್ಲಜನಕದ ಒಂದು ಪರಮಾಣುವನ್ನು ಸೇರಿಸಿದಾಗ ಮಾತ್ರ ಮೂರೆಳೆಯ ಹುರಿ ದೇಹದ ಉಷ್ಣತೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಈ ಕೆಲಸ ಮಾಡುವ ಕಿಣ್ವವನ್ನು ಸುಸ್ಥಿತಿಯಲ್ಲಿಡುವುದು ಸಿ ಜೀವಸತ್ವ. ಅದು ಇಲ್ಲವಾದರೆ ಹುರಿ ಸಡಿಲಗೊಂಡು ಬಿಚ್ಚಿಹೋಗುತ್ತದೆ.

ಹಸು, ಮೇಕೆಗಳು ಈ ಜೀವಸತ್ವವನ್ನು ತಮ್ಮ ಯಕೃತ್ತಿನಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ. ಆಹಾರದಿಂದಲೇ ಪಡೆಯಬೇಕು. ಹಸುವಿನ ಹಾಲಿನಲ್ಲಿ ಇದು ಅತ್ಯಲ್ಪ, ಕಾಯಿಸಿದರೆ ಇನ್ನೂ ಕಡಿಮೆ. ಅನ್ನದಲ್ಲಿಯೂ ಬ್ರೆಡ್ಡಿನಲ್ಲಿಯೂ ಇಲ್ಲವೆಂದೇ ಹೇಳಬೇಕು.

ಇದರ ಕೊರತೆಯಿಂದ ಏನಾಗುತ್ತದೆ ಎಂಬುದನ್ನು ಲೋಕ ಕಂಡದ್ದು ಹಡಗುಗಳಲ್ಲಿ. ತಿಂಗಳುಗಟ್ಟಲೆ ಹಣ್ಣು ತರಕಾರಿ ಕಾಣದ ನಾವಿಕರಿಗೆ ಒಸಡು ಊದಿ ರಕ್ತ ಸುರಿಯುತ್ತಿತ್ತು, ಹಲ್ಲು ಉದುರುತ್ತಿದ್ದವು. ಇದೇ ಸ್ಕರ್ವಿ ರೋಗ. 1740ರಲ್ಲಿ ಹೊರಟ ಆನ್ಸನ್ ಎಂಬ ನೌಕಾಧಿಪತಿಯ ಯಾನದ ವೃತ್ತಾಂತದಲ್ಲಿ ಬೆರಗುಗೊಳಿಸುವ ಸಂಗತಿಯೊಂದಿದೆ. 1690ರ ಯುದ್ಧವೊಂದರಲ್ಲಿ ಗಾಯಗೊಂಡು ಪೂರ್ತಿ ಗುಣವಾಗಿದ್ದ ನಾವಿಕನೊಬ್ಬನಿಗೆ, ಐವತ್ತು ವರ್ಷಗಳ ನಂತರ ಸ್ಕರ್ವಿ ಬಂದಾಗ ಆ ಹಳೆಯ ಗಾಯ ಮಾಯಲೇ ಇಲ್ಲವೆಂಬಂತೆ ಮತ್ತೆ ಬಾಯಿಬಿಟ್ಟಿತು. ಕೊಲ್ಲಾಜೆನ್ ಒಮ್ಮೆ ನೇಯ್ದು ಮುಗಿಸುವ ಬಟ್ಟೆಯಲ್ಲ, ನಿತ್ಯ ದುರಸ್ತಿ ಬೇಡುವ ಬಟ್ಟೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಉಪಚಾರ ಮಾಡಿದ. ಕಿತ್ತಳೆ, ನಿಂಬೆ ಪಡೆದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು.

ಹುಳಿ ತಿಂದರೆ ನಂಜಾಗುವುದೇ?

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಕೀವು ಹುಟ್ಟುವುದು ರೋಗಾಣುಗಳಿಂದ. ಕೊಳೆಯಾದ ಕೈ, ಒದ್ದೆಯಾದ ಪಟ್ಟಿ, ಗಾಯದ ಮೇಲೆ ಹಾಕಿದ ಅರಿಸಿನ, ಕಾಫಿಪುಡಿ, ಬೂದಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಇವು ಅದಕ್ಕೆ ದಾರಿ ಮಾಡುತ್ತವೆ. ನಾಲಗೆಗೆ ಹುಳಿಯೆನಿಸಿದ ಹಣ್ಣು ಗಾಯಕ್ಕೆ ಹುಳಿಯಾಗಿ ತಲುಪುವುದಿಲ್ಲ. ನಮ್ಮ ಜಠರದಲ್ಲಿರುವ ಆಮ್ಲ ನಿಂಬೆರಸಕ್ಕಿಂತ ಪ್ರಬಲವಾದದ್ದು. ಅಲ್ಲಿಂದ ಮುಂದೆ ರಕ್ತದ ಆಮ್ಲೀಯತೆಯನ್ನು ಶ್ವಾಸಕೋಶ, ಮೂತ್ರಪಿಂಡಗಳು ಬಿಗಿಯಾಗಿ ಕಾಯುತ್ತವೆ. ಹುಳಿಹಣ್ಣು ಮತ್ತು ಕಾಳುಗಳನ್ನು ನಿಲ್ಲಿಸಿದರೆ ಕೀವು ನಿಲ್ಲುವುದಿಲ್ಲ, ಗಾಯ ನೇಯುವ ಕೋಶಕ್ಕೆ ನೂಲೂ ಹುರಿಯ ಬಿಗಿಯೂ ತಪ್ಪುತ್ತವೆ.

ಹಿರಿಯರ ಮಾತಿನಲ್ಲಿ ತಿರುಳಿಲ್ಲವೆಂದು ನಾವು ಹೇಳುತ್ತಿಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಲಘು ಆಹಾರ ಬೇಕೆಂಬುದು ನಿಜ. ಬಾಯಿಹುಣ್ಣು, ಜಠರದ ಹುಣ್ಣು, ಎದೆಯುರಿ ಇರುವವರಿಗೆ ಹುಳಿ ತೊಂದರೆ ಕೊಡುತ್ತದೆ. ಮೂತ್ರಪಿಂಡದ ಕಾಯಿಲೆಯವರು ಹಣ್ಣು, ಕಾಳುಗಳ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ಇವರನ್ನು ಬಿಟ್ಟು ಉಳಿದವರಿಗೆ ತಿಂಗಳುಗಟ್ಟಲೆ ಹುಳಿ, ಕಾಳುಗಳ ನಿಷೇಧ ಅನಗತ್ಯ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ ದಿನಕ್ಕೆ ಬೇಕಾದ ಸಿ ಜೀವಸತ್ವ ಪುರುಷರಿಗೆ 80 ಮಿಲಿಗ್ರಾಂ, ಸ್ತ್ರೀಯರಿಗೆ 65, ಹಾಲುಣಿಸುವ ತಾಯಂದಿರಿಗೆ 115. ಎಂದರೆ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ನಾವು ಹುಳಿಹಣ್ಣನ್ನು ನಿರಾಕರಿಸುವ ಬಾಣಂತಿಗೇ. ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಚಕ್ಕೋತದ ನೂರು ಗ್ರಾಂ ತೊಳೆಯಲ್ಲಿ ಸುಮಾರು 60 ಮಿಲಿಗ್ರಾಂ ಸಿ ಜೀವಸತ್ವವಿದೆ. ಸೀಬೆಹಣ್ಣಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ನೆಲ್ಲಿಕಾಯಿಯೂ ಸಮೃದ್ಧ. ಮೊಳಕೆ ಬರಿಸಿದ ಹೆಸರುಕಾಳಿನಲ್ಲಿ, ಒಣಕಾಳಿನಲ್ಲಿ ಇಲ್ಲದ ಸಿ ಜೀವಸತ್ವ ಹುಟ್ಟಿಕೊಳ್ಳುತ್ತದೆ. ಬಿಸಿಗೆ ಇದು ನಾಶವಾಗುವುದರಿಂದ, ನಿಂಬೆರಸವನ್ನು ಅಡುಗೆ ಇಳಿಸಿದ ಮೇಲೆ ಹಿಂಡುವುದು ಲೇಸು. ರಾಗಿ, ಸೊಪ್ಪುಗಳಲ್ಲಿರುವ ಕಬ್ಬಿಣಾಂಶ ಮೈಗೂಡಲೂ ಇದು ನೆರವಾಗುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ಕೊಲೆಸ್ಟ್ರಾಲ್, ರಕ್ತದೊತ್ತಡಗಳ ಕೆಲವು ಮಾತ್ರೆಗಳೊಡನೆ ಚಕ್ಕೋತ ಹೊಂದುವುದಿಲ್ಲ. ಅಂತಹ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿ ತಿನ್ನಬೇಕು.

ಎಳೆಗೆ ಹಗೆಯಾದವುಗಳು

ಕೊಡಬೇಕಾದದ್ದನ್ನು ಕೊಡುವುದರ ಜೊತೆಗೆ ಕೆಡಿಸುವುದನ್ನು ಬಿಡುವುದೂ ಮುಖ್ಯ. ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಅದು ಕೊಲ್ಲಾಜೆನ್ನಿಗೆ ಅಂಟಿಕೊಂಡು ಎಳೆಗಳನ್ನು ಬಿರುಸಾಗಿಸುತ್ತದೆ, ಬಿಳಿ ರಕ್ತಕಣಗಳ ಬಲವನ್ನೂ ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರು ನಿತ್ಯ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳಬೇಕು. ಬರಿಗಾಲಿನಲ್ಲಿ ಹೊಲಕ್ಕೆ ಇಳಿಯಬಾರದು.

ಬೀಡಿ, ಸಿಗರೇಟುಗಳ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಆಮ್ಲಜನಕ ತಪ್ಪಿಸುತ್ತದೆ. ಅಡಿಕೆಯ ಹಾನಿ ಬೇರೆ ಬಗೆಯದು. ಅದರಲ್ಲಿರುವ ಅರೆಕೋಲಿನ್ ಬಾಯಿಯ ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸಿ ಬೇಡದ ಕೊಲ್ಲಾಜೆನ್ ತುಂಬಿಸುತ್ತದೆ. ಕೆನ್ನೆಯ ಒಳಭಾಗ ಹಗ್ಗದಂತೆ ಬಿಗಿದು, ಕೊನೆಗೆ ತುತ್ತು ಇಡುವಷ್ಟೂ ಬಾಯಿ ತೆರೆಯುವುದಿಲ್ಲ. ಈ ಸ್ಥಿತಿ ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿಯೇ ನಿಷೇಧಗೊಂಡಿದ್ದರೂ ಅಡಿಕೆಪುಡಿಯ ಪೊಟ್ಟಣ ಹುಡುಗರ ಜೇಬಿನಿಂದ ಮರೆಯಾಗಿಲ್ಲ. ಮನೆಯ ಹಿರಿಯರು ಇದನ್ನು ಗಮನಿಸಬೇಕು.

ಮಂಡಿನೋವಿಗೆಂದು ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾತ್ರೆ ನುಂಗುವುದು ಮತ್ತೊಂದು ಅನಾಹುತ. ನೋವು ತಕ್ಷಣ ತಗ್ಗುತ್ತದೆ. ಆದರೆ ಅದು ಫೈಬ್ರೋಬ್ಲಾಸ್ಟ್‌ನ ಕೈ ಕಟ್ಟಿಹಾಕಿ ಚರ್ಮವನ್ನು ತೆಳುವಾಗಿಸುತ್ತದೆ, ಮೂಳೆಯನ್ನು ಟೊಳ್ಳಾಗಿಸುತ್ತದೆ. ಬಹುದಿನದಿಂದ ಸೇವಿಸುತ್ತಿರುವವರು ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರ ಸಲಹೆಯಂತೆ ಕ್ರಮವಾಗಿ ಇಳಿಸಬೇಕು.

ಇತ್ತೀಚೆಗೆ ಮಾರುಕಟ್ಟೆಗೆ ಬಂದಿರುವ ಕೊಲ್ಲಾಜೆನ್ ಪುಡಿಯ ಬಗ್ಗೆ ಶಾಕಾಹಾರಿಗಳು ಒಂದು ಮಾತನ್ನು ತಿಳಿದಿರಬೇಕು. ಸಸ್ಯಗಳಲ್ಲಿ ಕೊಲ್ಲಾಜೆನ್ ಇಲ್ಲ. ಆ ಪುಡಿಯನ್ನು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆ ಅಥವಾ ಮೀನಿನಿಂದ ತಯಾರಿಸುತ್ತಾರೆ. ತಿಂದ ಮೇಲೆ ಅದೂ ಇತರ ಪ್ರೋಟೀನುಗಳಂತೆಯೇ ಬಹುಮಟ್ಟಿಗೆ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಹುರುಳಿ, ಅವರೆ, ತೊಗರಿ, ಹಾಲು, ಮೊಸರುಗಳ ಜೊತೆಗೆ ಒಂದು ಹಣ್ಣು ಸೇರಿದರೆ ನಮ್ಮ ಕೋಶಗಳು ತಮಗೆ ಬೇಕಾದ ಕೊಲ್ಲಾಜೆನ್ನನ್ನು ತಾವೇ ತಯಾರಿಸಿಕೊಳ್ಳುತ್ತವೆ.

ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಹೊಲಿಗೆ ಬಿದ್ದಾಗ, ಅಥವಾ ತೊಟ್ಟಿಲು ತೂಗುವ ಬಾಣಂತಿ ಮನೆಯಲ್ಲಿದ್ದಾಗ, ಅವರ ತಟ್ಟೆಯಲ್ಲಿ ಒಂದು ಬಟ್ಟಲು ಬೇಳೆಯೂ ಚಕ್ಕೋತದ ನಾಲ್ಕು ತೊಳೆಯೂ ಇರಲಿ. ಹಿರಿಯರು ಬೇಡವೆಂದರೆ ಎದುರುತ್ತರ ಕೊಡುವುದು ಬೇಡ. ಈ ಲೇಖನವನ್ನು ಅವರ ಬಳಿ ಕುಳಿತು ಓದಿ ಹೇಳಿ. ಗಾಯ ಬೇಗ ಮಾಯಲಿ ಎಂಬುದೇ ಅವರ ಆಸೆಯೂ ಹೌದು.